ಓದಿನಿಂದ ಬರಹ

ಬೆಂಗಳೂರಿನ ವಿಜಯನಗರದ ಹತ್ತಿರವಿರುವ ಹಂಪಿನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವ ತರುಣರು ತಲೆಯೆತ್ತದೆ ಓದುತ್ತಿರುವುದನ್ನು ಕಂಡು ಗೌರವವುಂಟಾಗುವುದು ಸಹಜವೇ. ಆದರೂ ಅಲ್ಲಿಯ ಕಥೆ, ಪ್ರವಾಸ, ವಿಜ್ಞಾನಗಳ ಕಪಾಟುಗಳ ಮುಂದೆ, ಯಾವ ಪರೀಕ್ಷೆಯ ಹಂಗೂ ಇಲ್ಲದೆ, ಹದಿಮೂರು ಹದಿನಾಲ್ಕರ ವಯಸ್ಸಿನ ಬಾಲಕ ಬಾಲಿಕೆಯರು ನಿಂತಿರುವುದನ್ನು ಕಾಣಬೇಕೆಂಬ ಹಂಬಲ ನನಗೆ ಅದಕ್ಕಿಂತಲೂ ಹಿರಿದಾಗಿದೆ.

ಏಕೆಂದರೆ ಒಳ್ಳೆಯ ಬರಹ ಮೂಡುವುದು ಇಂತಹ ಓದಿನಿಂದಲೇ. ನಾವು ಆಡುವ ಕನ್ನಡ ಬೇರೆ, ಬರೆಯುವ ಕನ್ನಡ ಬೇರೆ. ರಾಜಾಜಿನಗರದ ಮನೆಯೊಂದರಲ್ಲಿ ‘ನಿನ್ನೆ ಮಳೆ ಬಂತು, ಆಟ ನಿಂತ್ಹೋಯ್ತು’ ಎಂದು ಎರಡು ತುಂಡುಗಳಲ್ಲಿ ಮುಗಿಯುವ ಮಾತು, ಪುಸ್ತಕದಲ್ಲಿ ‘ನಿನ್ನೆ ಸುರಿದ ಮಳೆಯಿಂದ ನಿಂತುಹೋದ ಆಟ’ ಎಂಬ ಒಂದೇ ಪದಪುಂಜವಾಗಿ ಅಡಕಗೊಂಡು, ಮುಂದಿನ ಮಾತಿಗೆ ಎಡೆಮಾಡಿಕೊಡುತ್ತದೆ. ಬೀದಿಯಲ್ಲಿ ವಿರಳವಾದ ಇಂತಹ ರಚನೆಗಳು ಕಿಶೋರನಿಗೆ ದೊರೆಯುವುದು ಓದಿನಲ್ಲಿಯೇ. 1986ರಲ್ಲಿ ಪ್ರಕಟವಾದ ಮನೋವಿಜ್ಞಾನಿ ಕ್ಯಾಥರಿನ್ ಬಾಕ್ ಅವರ ಪ್ರಯೋಗಗಳಲ್ಲಿ, ಒಂದು ವಾಕ್ಯವನ್ನು ಕೇಳಿ ಪುನರುಚ್ಚರಿಸಿದವರು, ಅದಕ್ಕೆ ಸಂಬಂಧವಿಲ್ಲದ ಚಿತ್ರವನ್ನು ವರ್ಣಿಸುವಾಗಲೂ ಅದೇ ವಾಕ್ಯದ ಕಟ್ಟನ್ನು ಬಳಸುವತ್ತ ವಾಲಿದರು. ಅರ್ಥದೊಡನೆ ವಾಕ್ಯದ ಅಚ್ಚೂ ಮನಸ್ಸಿನಲ್ಲಿ ಉಳಿಯುತ್ತದೆಯೆಂದಾಯಿತು.

ಶಬ್ದಗಳ ಸಂಗ್ರಹವೂ ಹೀಗೆಯೇ. 1985ರಲ್ಲಿ ಸಂಶೋಧಕ ವಿಲಿಯಂ ನಾಗಿ ಮತ್ತು ಸಂಗಡಿಗರು ಎಂಟನೆಯ ತರಗತಿಯ ವಿದ್ಯಾರ್ಥಿಗಳನ್ನು ಪರಿಶೀಲಿಸಿದಾಗ, ಸಂದರ್ಭದಿಂದಲೇ ಹೊಸ ಶಬ್ದದ ಅರ್ಥವನ್ನು ಗ್ರಹಿಸುವ ಲಾಭವು ಅಲ್ಪವಾದರೂ ನಿಶ್ಚಿತವಾದುದೆಂದು ಕಂಡುಬಂದಿತು. ಒಮ್ಮೆ ಕಂಡ ಶಬ್ದ ಅರೆಬರೆಯಾಗಿ ತಿಳಿದು, ಹಲವು ಪುಟಗಳಲ್ಲಿ ಮತ್ತೆ ಮತ್ತೆ ಎದುರಾದಾಗ ಸ್ವಂತದ್ದಾಗುತ್ತದೆ. ಆದುದರಿಂದ ಹನಿಹನಿಯಾದ ಈ ಗಳಿಕೆಗೆ ವಿಪುಲವಾದ ಓದೇ ಬೇಕು.

ವಿಪುಲವಾದ ಓದು ಒತ್ತಾಯದಿಂದ ಬಾರದು. ಬಹುಮಾನದ ಆಮಿಷವೂ ಕೆಲವೊಮ್ಮೆ ಕೆಡುಕನ್ನೇ ಮಾಡುತ್ತದೆ. 1971ರಲ್ಲಿ ಮನೋವಿಜ್ಞಾನಿ ಎಡ್ವರ್ಡ್ ಡೆಸಿ ಅವರು ಕಾಲೇಜು ವಿದ್ಯಾರ್ಥಿಗಳಿಗೆ ಒಗಟಿನ ಆಟವೊಂದನ್ನು ಕೊಟ್ಟು, ಕೆಲವರಿಗೆ ಅದಕ್ಕಾಗಿ ಹಣವನ್ನಿತ್ತು, ಅನಂತರ ಹಣವನ್ನು ನಿಲ್ಲಿಸಲಾಗಿ, ಅವರಿಗೆ ಮೊದಲಿದ್ದ ಆಸಕ್ತಿಯೇ ಕುಂದಿತ್ತು. ಓದನ್ನು ಅಂಕಗಳಿಗೆ ಮಾರಲು ಹೊರಡುವವರು ಇದನ್ನು ನೆನೆಯಬೇಕು.

ಒತ್ತಾಯವೂ ಆಮಿಷವೂ ಇಲ್ಲದ ಓದಿಗೆ ದಾರಿ ಹತ್ತಿರದಲ್ಲಿಯೇ ಇದೆ. ಕರ್ನಾಟಕದ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಫಲವಾಗಿ, ಬಸವೇಶ್ವರನಗರದ ಮನೆಯವರೂ ಕೆಂಗೇರಿಯ ಮನೆಯವರೂ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ತೆರುತ್ತಲೇ ಬಂದಿದ್ದಾರೆ. ಪುಸ್ತಕಗಳು ಆಗಲೇ ನಮ್ಮವು. ಮಗನನ್ನೋ ಮಗಳನ್ನೋ ಕರೆದೊಯ್ದು, ‘ನಿನಗೆ ಬೇಕಾದ್ದು ಆರಿಸಿಕೊ’ ಎಂದು ಹೇಳಿ, ಆರಿಸಿದ್ದು ಪತ್ತೇದಾರಿ ಕಥೆಯಾದರೂ ಕ್ರಿಕೆಟ್ಟಿನ ಪುಸ್ತಕವಾದರೂ ಮುಖ ಸಿಂಡರಿಸದೆ, ಮುಗಿಸಿದ ಮೇಲೆ ಪ್ರಶ್ನೆಗಳಿಂದ ಪೀಡಿಸದೆ, ನಾವೂ ಒಂದು ಪುಸ್ತಕವನ್ನು ಹಿಡಿದು ಪಕ್ಕದಲ್ಲಿ ಕುಳಿತುಕೊಳ್ಳೋಣ.