ದುವಾರ್ನನೆ: ನೆಲದ ಕೊನೆಯ ಮೀನುಗಾರರ ಊರು

ಫ್ರಾನ್ಸ್ ದೇಶದ ನಕಾಶೆಯನ್ನು ಬಿಡಿಸಿ ನೋಡಿದರೆ, ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡಿರುವ ಒಂದು ಪರ್ಯಾಯದ್ವೀಪವು ಕಾಣುತ್ತದೆ. ಅದೇ ಬ್ರಿಟನಿ. ಅದರ ತುದಿಯ ಜಿಲ್ಲೆಗೆ ಫಿನಿಸ್ತೇರ್ ಎಂದು ಹೆಸರು. ಎಂದರೆ ನೆಲದ ಕೊನೆ. ಅಲ್ಲಿಯ ವಿಶಾಲವಾದ ಕೊಲ್ಲಿಯೊಂದರ ದಡದಲ್ಲಿ ದುವಾರ್ನನೆ ಎಂಬ ಊರಿದೆ. 'ದ್ವೀಪದ ನೆಲ' ಎಂದು ಆ ಹೆಸರಿಗೆ ಅರ್ಥ ಹೇಳುವರು. ಎದುರಿಗಿರುವ ತ್ರಿಸ್ತಾನ್ ದ್ವೀಪಕ್ಕೆ ಸಮುದ್ರವು ಇಳಿದಾಗ ಕಾಲ್ನಡಿಗೆಯಲ್ಲೇ ಹೋಗಬಹುದು. ಭರತ ಬಂದರೆ ದಾರಿ ಮುಳುಗುತ್ತದೆ.

ಈ ಕೊಲ್ಲಿಯ ತಳದಲ್ಲಿ ಈಸ್ ಎಂಬ ನಗರವು ಮುಳುಗಿದೆಯೆಂಬುದು ಅಲ್ಲಿನ ಐತಿಹ್ಯ. ಗ್ರಾದ್ಲೋನ್ ರಾಜನ ಮಗಳು ದಾಹುತಳ ತಪ್ಪಿನಿಂದ ಕಡಲ ಕಟ್ಟೆಯ ಬಾಗಿಲು ತೆರೆಯಿತಂತೆ. ರಾಜನೊಬ್ಬನೇ ಕುದುರೆಯೇರಿ ಪಾರಾದನಂತೆ. ಕಥೆಯನ್ನು ಬದಿಗಿಟ್ಟರೂ ಊರು ಪುರಾತನವೆಂಬುದರಲ್ಲಿ ಸಂದೇಹವಿಲ್ಲ. ಪ್ಲೊಮಾರ್ಕ್ ಎಂಬಲ್ಲಿ, ರೋಮನರ ಕಾಲದಲ್ಲಿ ಮೀನಿಗೆ ಉಪ್ಪು ಹಾಕಿ ರಸ ಇಳಿಸುತ್ತಿದ್ದ ಕಲ್ಲಿನ ತೊಟ್ಟಿಗಳನ್ನು ಇಂದಿಗೂ ಕಾಣಬಹುದು.

ಊರನ್ನು ಬೆಳೆಸಿದ್ದು ಸಾರ್ಡಿನ್ ಮೀನು. ಅದನ್ನು ನಮ್ಮ ಕರಾವಳಿಯ ಬೂತಾಯಿಯ ಬಂಧುವೆನ್ನಬಹುದು. ಕಾಡ್ ಮೀನಿನ ಮೊಟ್ಟೆಗಳನ್ನು ನೀರಿಗೆ ಎರಚಿ, ಮೀನನ್ನು ಬಲೆಯ ಕಡೆಗೆ ಸೆಳೆಯುತ್ತಿದ್ದರು. 1853ರಿಂದ ಮೀನನ್ನು ಎಣ್ಣೆಯೊಡನೆ ಡಬ್ಬಿಗಳಲ್ಲಿ ತುಂಬುವ ಕಾರ್ಖಾನೆಗಳು ತಲೆಯೆತ್ತಿದವು. ಗಂಡಸರು ಕಡಲಿಗೆ, ಹೆಂಗಸರು ಕಾರ್ಖಾನೆಗೆ. ದೋಣಿ ಬಂದದ್ದು ನಡುರಾತ್ರಿಯಾದರೂ ಮೀನು ಕೆಡುವ ಮೊದಲೇ ಕೆಲಸ ಮುಗಿಯಬೇಕು. ಗಂಟೆಗೆ ದೊರೆಯುತ್ತಿದ್ದ ಕೂಲಿ 80 ಸೆಂಟಿಮ್ ಮಾತ್ರ, ಎಂದರೆ ಒಂದು ಫ್ರಾಂಕಿಗಿಂತಲೂ ಕಡಿಮೆ.

1924ರ ನವೆಂಬರಿನಲ್ಲಿ ಆ ಹೆಂಗಸರು ಮುಷ್ಕರ ಹೂಡಿದರು. ಒಂದೂಕಾಲು ಫ್ರಾಂಕ್ ಬೇಕೆಂಬುದು ಬೇಡಿಕೆ. ಅದನ್ನು ಅವರು ಫ್ರೆಂಚಿನಲ್ಲಿ ಕೂಗಲಿಲ್ಲ. 'ಐದು ರಿಯಲ್' ಎಂದು ತಮ್ಮ ಬ್ರೆಟನ್ ನುಡಿಯ ಹಳೆಯ ಲೆಕ್ಕದಲ್ಲಿ ಕೂಗಿದರು. ಅವರ ಪಕ್ಷ ವಹಿಸಿದ ಊರಿನ ಮೇಯರ್ ಲ ಫ್ಲಾಂಶೆಕ್ ಅವರಿಗೆ 1925ರ ಹೊಸವರ್ಷದ ದಿನ ಗುಂಡೇಟು ಬಿದ್ದಿತು, ಪ್ರಾಣ ಉಳಿಯಿತು. ಜನವರಿ 6ರಂದು ಗಂಟೆಗೆ ಒಂದು ಫ್ರಾಂಕ್ ಎಂದು ಒಪ್ಪಂದವಾಯಿತು. ಅದೇ ವರ್ಷ ಮುಷ್ಕರಗಾರ್ತಿ ಜೋಸೆಫೀನ್ ಪೆಂಕಾಲೆ ಪುರಸಭೆಗೆ ಚುನಾಯಿತರಾದರು. ಹೆಂಗಸರಿಗೆ ಆ ಹಕ್ಕಿಲ್ಲವೆಂದು ಆ ಆಯ್ಕೆ ರದ್ದಾಯಿತು. ಫ್ರಾನ್ಸಿನ ಸ್ತ್ರೀಯರಿಗೆ ಮತಾಧಿಕಾರ ದೊರೆತದ್ದು 1944ರಲ್ಲಿ.

ಊರಿಗೆ ಸೇರಿದ ಪ್ಲೊಆರೆಯಲ್ಲಿ ಸ್ಟೆತಾಸ್ಕೋಪನ್ನು ಕಂಡುಹಿಡಿದ ವೈದ್ಯ ಲೆನೆಕ್ ಅವರ ಸಮಾಧಿಯಿದೆ. ಎದೆರೋಗಗಳನ್ನು ಆಲಿಸುವ ವಿದ್ಯೆಯನ್ನು ಲೋಕಕ್ಕೆ ಕೊಟ್ಟ ಅವರು 1826ರಲ್ಲಿ ಕ್ಷಯದಿಂದಲೇ ತೀರಿಕೊಂಡರು. ಪೋರ್-ರ್‍ಯು ಬಂದರಿನಲ್ಲಿ ಹಳೆಯ ನಾವೆಗಳ ವಸ್ತುಸಂಗ್ರಹಾಲಯವಿದೆ. ಬೆಣ್ಣೆ, ಸಕ್ಕರೆಗಳನ್ನು ಪದರಪದರವಾಗಿ ಮಡಿಸಿ ಬೇಯಿಸುವ 'ಕುಯಿನ್ ಅಮನ್' ಈ ಊರಿನದೇ ತಿಂಡಿ. ಬ್ರೆಟನ್‌ನಲ್ಲಿ ಅದರ ಅರ್ಥ ಬೆಣ್ಣೆಯ ರೊಟ್ಟಿ.

ಇನ್ನು ನಮ್ಮ ಮನಸ್ಸನ್ನು ಕಲಕಿದ ಸಂಗತಿಗೆ ಬರುತ್ತೇವೆ. ಬ್ರಿಟನಿಯ ಅನೇಕ ಶಾಲೆಗಳಲ್ಲಿ ಮನೆಮಾತನಾಡಿದ ಮಗುವಿನ ಕೊರಳಿಗೆ ಮರದ ಪಾದುಕೆಯನ್ನೋ ಬೇರಾವುದೋ ವಸ್ತುವನ್ನೋ ತೂಗುಹಾಕುತ್ತಿದ್ದರು. ಅದನ್ನು ಕಳಚಿಕೊಳ್ಳಬೇಕಾದರೆ ಆ ಮಗುವು ಬ್ರೆಟನ್ ನುಡಿಯುವ ಇನ್ನೊಂದು ಮಗುವನ್ನು ಹಿಡಿದುಕೊಡಬೇಕು! ಇದನ್ನು ಮಾಡಿದವರು ನಮ್ಮ ವೃತ್ತಿಯವರೇ ಎಂಬುದನ್ನು ನಾವು ನಾಚಿಕೆಯಿಂದ ಒಪ್ಪಬೇಕು. ಹಾಗೆ ಬೆಳೆದ ತಾಯಿಯರು, ತಮ್ಮ ಮಕ್ಕಳಿಗೆ ಆ ಅವಮಾನ ಬೇಡವೆಂದು ಫ್ರೆಂಚಿನಲ್ಲೇ ಜೋಗುಳ ಹಾಡತೊಡಗಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ್ದ ಭಾಷಿಕರು 2024ರ ಸಮೀಕ್ಷೆಯಲ್ಲಿ ಸುಮಾರು ಒಂದು ಲಕ್ಷಕ್ಕೆ ಇಳಿದಿದ್ದರು.

ಆದರೂ ಅವರು ಕೈಚೆಲ್ಲಿಲ್ಲ. 1977ರಲ್ಲಿ ಪೋಷಕರೇ ಮುಂದಾಗಿ 'ದಿವಾನ್' ಎಂಬ ಬ್ರೆಟನ್ ಶಾಲೆಯನ್ನು ತೆರೆದರು. ಮೊಳಕೆ ಎಂದು ಆ ಪದದ ಅರ್ಥ. 1978ರಲ್ಲಿ ದುವಾರ್ನನೆಯಲ್ಲೇ ಅಲ್ಪಸಂಖ್ಯಾತ ಜನಾಂಗಗಳ ಚಲನಚಿತ್ರೋತ್ಸವವು ಆರಂಭವಾಯಿತು.

ಗಡಿಯಾಚೆ ನೆಲೆಸಿದ ನಮಗೆ ಇದು ದೂರದ ಊರಿನ ಸುದ್ದಿಯಷ್ಟೇ ಅಲ್ಲ. ರಾಜ್ಯದ ಭಾಷೆಯನ್ನು ನಮ್ಮ ಮಕ್ಕಳು ಚೆನ್ನಾಗಿಯೇ ಕಲಿಯಲಿ. ಅದು ಅನ್ನದ ಮಾತು. ಆದರೆ ಶಾಲೆಯಿಂದ ಬಂದ ಮಗುವನ್ನು ಹೊಸ್ತಿಲಲ್ಲಿ ಯಾವ ನುಡಿಯಿಂದ ಕರೆಯಬೇಕೆಂಬುದನ್ನು ಯಾವ ಸರ್ಕಾರವೂ ನಿರ್ಧರಿಸುವುದಿಲ್ಲ. ಅದು ತಾಯಂದಿರ, ಅಜ್ಜಿಯರ ಕೈಯಲ್ಲಿದೆ. ಇಂದು ಸಂಜೆಯೇ ಮಕ್ಕಳನ್ನು ಕೂರಿಸಿಕೊಂಡು ಈಸ್ ನಗರದ ಕಥೆಯನ್ನು ಕನ್ನಡದಲ್ಲಿ ಹೇಳಿರೆಂದು ಓದುಗರಲ್ಲಿ ನಮ್ಮ ವಿನಂತಿ.