ಆ ಅರ್ಧ ಲೀಟರ್ ಹಾಲು ಯಾರಿಗೆ?

“ಕುಡಿಯೋ ಮಗಾ. ಓಡೋನಿಗೆ ಶಕ್ತಿ ಬ್ಯಾಡೇನು?”

ಬೆಳಗಿನ ಜಾವ ಐದು ಗಂಟೆಗೆ ನಮ್ಮ ಮನೆಯಲ್ಲಿ ಮೊಬೈಲ್ ಅಲಾರಾಂಗಿಂತ ಮೊದಲು ಕೇಳುತ್ತಿದ್ದ ಮಾತು ಇದು. ಹರಿಹರದಿಂದ ಒಂಬತ್ತು ಕಿಲೋಮೀಟರ್ ಒಳಗಿರುವ ಹಳ್ಳಿ ನಮ್ಮದು. ಎರಡು ಎಮ್ಮೆ, ಭದ್ರಾ ನಾಲೆಯ ಕೊನೆ ಭಾಗದಲ್ಲಿ ಒಂದೂವರೆ ಎಕರೆ ಗದ್ದೆ. ನಾಲೆಯಲ್ಲಿ ನೀರು ಬಂದರೆ ಭತ್ತ, ಬರದಿದ್ದರೆ ಎಮ್ಮೆಯೇ ಗತಿ. ನನ್ನ ಡಿಗ್ರಿ ಫೀಸು, ದಾವಣಗೆರೆಯ ಬಸ್ ಪಾಸು, ತಂಗಿಯ ಪಿಯುಸಿ ಪುಸ್ತಕ ಎಲ್ಲವೂ ಡೇರಿಯ ಬಟವಾಡೆಯಿಂದಲೇ ಬಂದದ್ದು.

ಅವ್ವ ಎಮ್ಮೆ ಹಿಂಡಿ ಬಂದವಳೇ, ಡೇರಿಯ ಕ್ಯಾನಿಗೆ ಸುರಿಯುವ ಮೊದಲು ಅರ್ಧ ಲೀಟರ್ ಹಾಲು ತೆಗೆದಿಡುತ್ತಿದ್ದಳು. ಅದು ನನಗೆ. ಪೊಲೀಸ್ ಕಾನ್‌ಸ್ಟೆಬಲ್ ಆಗಲು ತಯಾರಿ ನಡೆಸಿದ್ದ ಮಗನಿಗೆ. ಕಾಯಿಸಿ, ಸಕ್ಕರೆ ಹಾಕಿ, ದೊಡ್ಡ ಲೋಟದ ತುಂಬ ಕೊಡುತ್ತಿದ್ದಳು. ಕುಡಿದು ನಾಲೆ ಏರಿ ಮೇಲೆ ಓಡಲು ಹೋಗುತ್ತಿದ್ದೆ. ಹತ್ತು ನಿಮಿಷ ಕಳೆಯುವುದರೊಳಗೆ ಹೊಟ್ಟೆ ಗುಡುಗುಡು. ಹೊಟ್ಟೆ ಉಬ್ಬರಿಸಿ, ಓಟ ಅರ್ಧಕ್ಕೆ ಬಿಟ್ಟು ನಾಲೆ ಪಕ್ಕದ ಜಾಲಿ ಗಿಡದ ಮರೆ ಹುಡುಕಿದ ದಿನಗಳೂ ಇವೆ. ನಗಬೇಡಿ. ಇದನ್ನು ಎರಡು ವರ್ಷ ಯಾರಿಗೂ ಹೇಳಿರಲಿಲ್ಲ.

ಹೇಳುವುದಾದರೂ ಹೇಗೆ? ಮನೆಯವರು ತಮ್ಮ ಬಾಯಿಗೆ ಹಾಕಿಕೊಳ್ಳದೆ ಕೊಡುವ ಹಾಲು. ಮೇಲೆ ನಮ್ಮ ಸೋದರಮಾವನ ಕಾಟ. ಅವರು ದಾವಣಗೆರೆಯ ಗರಡಿ ಮನೆಯಲ್ಲಿ ಮೈ ಬಗ್ಗಿಸಿದವರು, ದುಗ್ಗಮ್ಮನ ಜಾತ್ರೆಯ ಕುಸ್ತಿ ಕಣದಲ್ಲಿ ಮಣ್ಣು ಮೆತ್ತಿಕೊಂಡವರು. “ಹಾಲು ದಕ್ಕಿಸ್ಕೊಳ್ಳದೋನು ಲಾಠಿ ಹಿಡೀತಾನೇನಲೇ?” ಅನ್ನುತ್ತಿದ್ದರು. ಹಾಗಾಗಿ ಹಾಲು ಆಗಿಬರದಿರುವುದು ನನ್ನದೇ ದೌರ್ಬಲ್ಯ ಎಂದುಕೊಂಡಿದ್ದೆ. ಕುಡಿಯುತ್ತಾ ಹೋದರೆ ಒಂದು ದಿನ ಒಗ್ಗುತ್ತದೆ ಎಂದು ನಂಬಿದ್ದೆ.

ಲಿಖಿತ ಪರೀಕ್ಷೆ ಪಾಸಾಯಿತು. ಫಿಸಿಕಲ್‌ಗೆ ಕರೆ ಬಂತು. 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಅಂದು ಅವ್ವ ಅರ್ಧ ಲೀಟರಿನ ಜಾಗದಲ್ಲಿ ಮುಕ್ಕಾಲು ಲೀಟರ್ ಕಾಯಿಸಿದ್ದಳು. ಬೇಡ ಅನ್ನಲು ಬಾಯಿ ಬರಲಿಲ್ಲ. ಮೂರನೇ ಸುತ್ತಿಗೆ ಹೊಟ್ಟೆಯಲ್ಲಿ ಸೆಳೆತ ಶುರುವಾಯಿತು. ನಾಲ್ಕನೇ ಸುತ್ತು ಪಕ್ಕೆ ಹಿಡಿದುಕೊಂಡೇ ಮುಗಿಸಿದೆ. ಹನ್ನೊಂದು ಸೆಕೆಂಡ್ ತಡವಾಗಿತ್ತು.

ಎಲ್ಲ ತಪ್ಪನ್ನೂ ಹಾಲಿನ ತಲೆಗೆ ಕಟ್ಟುವುದಿಲ್ಲ. ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ, ಹೆದರಿಕೆಯೂ ಇತ್ತು. ಆದರೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ವಾಪಸ್ ಬರುವಾಗ ಮೊದಲ ಸಲ ಒಂದು ಪ್ರಶ್ನೆ ಎದ್ದಿತು: ಹಾಲು ಕುಡಿಯುವುದು ನಿಜಕ್ಕೂ ಒಳ್ಳೆಯದಾ?

ಈ ಪ್ರಶ್ನೆಯನ್ನು ವಿದ್ಯಾರ್ಥಿ ಭವನ ಸರ್ಕಲ್ ಹತ್ತಿರದ ಚಹಾದಂಗಡಿಯಲ್ಲಿ ಗೆಳೆಯರ ಮುಂದೆ ಇಟ್ಟರೆ ದೊಡ್ಡ ವಾದವೇ ನಡೆಯಿತು. ಒಬ್ಬ, “ಹಾಲು ಕರುವಿಗೆ, ಮನುಷ್ಯರಿಗಲ್ಲ. ರೀಲ್ಸ್ ನೋಡಲೇ” ಅಂದ. ಜಿಮ್‌ಗೆ ಹೋಗುವವನು ಹಸಿ ಹಾಲೇ ಅಮೃತ ಅಂದ. ಮತ್ತೊಬ್ಬ ವಾಟ್ಸ್ಆ್ಯಪ್ ತೆಗೆದು, ಕಲಬೆರಕೆ ಹಾಲಿನಿಂದ ಶೇ 87ರಷ್ಟು ಭಾರತೀಯರಿಗೆ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ ಅಂತ ಓದಿದ. ನಾಲ್ವರ ಕೈಯಲ್ಲೂ ಹಾಲು ಹಾಕಿದ ಚಹಾ ಇತ್ತು ಅನ್ನುವುದು ಬೇರೆ ಮಾತು.

ಉತ್ತರ ಸಿಕ್ಕಿದ್ದು ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ಹತ್ತು ರೂಪಾಯಿ ಚೀಟಿಗೆ. ವೈದ್ಯೆ ನನ್ನ ಕಥೆ ಕೇಳಿ ನಗಲಿಲ್ಲ. “ಎರಡು ವಾರ ಹಾಲು ಪೂರ್ತಿ ಬಿಡು. ಆಮೇಲೆ ಸ್ವಲ್ಪ ಸ್ವಲ್ಪ ಕುಡಿದು ನೋಡು. ಏನಾಗುತ್ತೆ ಬರೆದಿಟ್ಕೊ” ಅಂದರು. ಎರಡು ವಾರ ಹೊಟ್ಟೆ ತಣ್ಣಗಿತ್ತು. ಮತ್ತೆ ದೊಡ್ಡ ಲೋಟ ಕುಡಿದ ದಿನ ಹಳೇ ಗುಡುಗು ವಾಪಸ್.

ಅವರು ವಿವರಿಸಿದ್ದು, ಆಮೇಲೆ ನಾನು ಗ್ರಂಥಾಲಯದಲ್ಲಿ ಕೂತು ಓದಿಕೊಂಡದ್ದು ಇಷ್ಟು. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಎದೆಹಾಲು ಕುಡಿಯುವ ಮಗುವಿಗೆ ಅದು ಹೇರಳವಾಗಿರುತ್ತದೆ. ಬೆಳೆಯುತ್ತಾ ಬಹುತೇಕರಲ್ಲಿ ಕಡಿಮೆಯಾಗುತ್ತದೆ. ಆಗ ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ. ಉಬ್ಬರ, ಸೆಳೆತ, ಭೇದಿ ಬರುವುದು ಇದರಿಂದ. ಇದು ರೋಗವಲ್ಲ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರನೇ ಎರಡು ಭಾಗ ಜನರಲ್ಲಿ ಲ್ಯಾಕ್ಟೋಸ್ ಜೀರ್ಣಿಸುವ ಶಕ್ತಿ ಕುಗ್ಗಿರುತ್ತದೆ. ಅಂದರೆ ನಾನೇ ಬಹುಮತದಲ್ಲಿದ್ದೆ, ಮಾವ ಅಲ್ಲ!

ದನ ಸಾಕುತ್ತಿದ್ದ ಕೆಲವು ಸಮುದಾಯಗಳಲ್ಲಿ ಸಾವಿರಾರು ವರ್ಷಗಳ ಹಿಂದೆ ಒಂದು ವಂಶವಾಹಿ ಬದಲಾವಣೆ ಹರಡಿ, ದೊಡ್ಡವರಾದ ಮೇಲೂ ಹಾಲು ಜೀರ್ಣವಾಗುವ ಶಕ್ತಿ ಬಂತು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದುದ್ದಕ್ಕೂ ಜನರ ಡಿಎನ್‌ಎ ಪರೀಕ್ಷಿಸಿ, ಯುರೋಪಿನವರಲ್ಲಿರುವ ಅದೇ ಬದಲಾವಣೆ ನಮ್ಮಲ್ಲೂ ಇದೆ ಎಂದು ಕಂಡುಕೊಂಡಿತು. ವಾಯವ್ಯ ಭಾರತದಲ್ಲಿ ಅದು ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ. ನೀಲಗಿರಿಯಲ್ಲಿ ಎಮ್ಮೆ ಸಾಕುವ ತೋಡರಲ್ಲಿ ಮಾತ್ರ ಮತ್ತೆ ಹೆಚ್ಚು. ಪಂಜಾಬಿನ ಪೈಲ್ವಾನ್ ಲೀಟರ್‌ಗಟ್ಟಲೆ ಕುಡಿಯುತ್ತಾನೆ ಅಂತ ನಾವೂ ಕುಡಿಯಬೇಕಿಲ್ಲ.

ಲೆಕ್ಕ ನೋಡಿ. 100 ಮಿಲಿ ಹಾಲಿನಲ್ಲಿ ಸುಮಾರು 5 ಗ್ರಾಂ ಲ್ಯಾಕ್ಟೋಸ್. ಆಗಿಬರದವರಲ್ಲೂ ಹೆಚ್ಚಿನವರು ಒಮ್ಮೆಗೆ 12 ಗ್ರಾಂವರೆಗೆ, ಅಂದರೆ ಒಂದು ಲೋಟದಷ್ಟನ್ನು, ಊಟದ ಜೊತೆಗಾದರೆ ತಾಳಿಕೊಳ್ಳುತ್ತಾರೆ. ಫಿಸಿಕಲ್ ದಿನ ನಾನು ಖಾಲಿ ಹೊಟ್ಟೆಯಲ್ಲಿ ಕುಡಿದದ್ದರಲ್ಲಿ 37 ಗ್ರಾಂ ಇತ್ತು!

ಇದಕ್ಕೆ ನಮ್ಮ ಅಜ್ಜಿಯರು ಯಾವ ಸಂಶೋಧನೆಯೂ ಇಲ್ಲದೆ ದಾರಿ ಹುಡುಕಿದ್ದರು: ಹೆಪ್ಪು ಹಾಕುವುದು. ಹಾಲು ಮೊಸರಾಗುವಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸ್‌ನ ಒಂದಷ್ಟು ಭಾಗವನ್ನು ತಾವೇ ತಿಂದು ಮುಗಿಸುತ್ತವೆ, ಉಳಿದದ್ದನ್ನು ಜೀರ್ಣಿಸಲೂ ನೆರವಾಗುತ್ತವೆ. ಕ್ಯಾಲ್ಸಿಯಂ, ಪ್ರೋಟೀನ್ ಎಲ್ಲೂ ಹೋಗುವುದಿಲ್ಲ. ಈಗ ನನಗೆ ಮೊಸರು, ಮಜ್ಜಿಗೆ ಎರಡೂ ಸಲೀಸು.

ಹಾಗಾದರೆ ಹಾಲು ಕೆಟ್ಟದ್ದಾ? ಖಂಡಿತ ಅಲ್ಲ. 200 ಮಿಲಿ ಟೋನ್ಡ್ ಹಾಲಿನಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 240 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ ಕ್ಯಾಲ್ಸಿಯಂ. ಮೊಟ್ಟೆ, ಮಾಂಸ ತಿನ್ನದ ಮನೆಗಳಲ್ಲಿ ಬಿ12 ಜೀವಸತ್ವ ಸಿಗುವುದು ಹೆಚ್ಚುಕಡಿಮೆ ಹಾಲು, ಮೊಸರಿನಿಂದಲೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನದ ತಟ್ಟೆಗೆ 300 ಮಿಲಿ ಹಾಲು ಅಥವಾ ಮೊಸರು ಸೇರಿಸಿದೆ. ‘ಅಥವಾ’ ಅನ್ನುವ ಪದ ಗಮನಿಸಿ.

ಹಾಗಂತ ಜಾಸ್ತಿ ಕುಡಿದರೆ ಜಾಸ್ತಿ ಲಾಭ ಅಂತಲೂ ಇಲ್ಲ. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ 2014ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ಹಾಲು ಕುಡಿಯುವ ಹೆಂಗಸರಲ್ಲಿ ಮೂಳೆ ಮುರಿತ ಕಡಿಮೆಯಾಗುವ ಬದಲು ಹೆಚ್ಚೇ ಕಂಡಿತ್ತು. ಮೊಸರಿನಂಥ ಹುದುಗಿದ ಹಾಲಿನ ವಿಷಯದಲ್ಲಿ ಹಾಗಿರಲಿಲ್ಲ. ಹಾಲಿನಿಂದಲೇ ಹೀಗಾಯಿತು ಎಂದು ಇದರಿಂದ ಸಾಬೀತಾಗುವುದಿಲ್ಲ, ಎಚ್ಚರದಿಂದ ಓದಿ ಎಂದು ಸಂಶೋಧಕರೇ ಹೇಳಿದ್ದಾರೆ. ಇನ್ನೊಂದು ಮಾತು, ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಊಟ ಬಿಟ್ಟು ಹಾಲು ಬಿಸ್ಕತ್ತಿನಲ್ಲೇ ದಿನ ದೂಡುವ ಹಾಸ್ಟೆಲ್ ಗೆಳೆಯರು ಇದನ್ನು ಮರೆಯಬಾರದು.

ಚಹಾದಂಗಡಿಯ ವಾದಗಳಿಗೂ ಉತ್ತರ ಹುಡುಕಿದೆ. ಶೇ 87ರ ಆ ಸಂದೇಶ ಸುಳ್ಳು. ವಿಶ್ವ ಆರೋಗ್ಯ ಸಂಸ್ಥೆ ಅಂಥ ಮಾತು ಹೇಳಿಯೇ ಇಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿ ಪರೀಕ್ಷಿಸಿದಾಗ ಶೇ 93ರಷ್ಟು ಕುಡಿಯಲು ಸುರಕ್ಷಿತವಾಗಿದ್ದವು. ಕಲಬೆರಕೆಯಿಂದ ಅಪಾಯಕಾರಿಯಾಗಿದ್ದದ್ದು 12 ಮಾತ್ರ. ಹೆಚ್ಚು ಚಿಂತೆ ಇದ್ದದ್ದು ಬೂಸಲು ಹಿಡಿದ ಮೇವಿನಿಂದ ಹಾಲಿಗೆ ಬರುವ ಅಫ್ಲಾಟಾಕ್ಸಿನ್ ಎಂಬ ವಿಷದ್ದು. ಹಸಿ ಹಾಲಿನ ಗೆಳೆಯನಿಗೆ: ಕಾಯಿಸದ ಹಾಲಿನಿಂದ ಬ್ರುಸೆಲ್ಲೋಸಿಸ್, ಕ್ಷಯ ಬರಬಹುದು. ಕಾಯಿಸಿದರೆ ಪ್ರೋಟೀನ್ ಓಡಿಹೋಗುವುದಿಲ್ಲ. ‘ಎ2’ ಎಂದು ದುಪ್ಪಟ್ಟು ದುಡ್ಡು ಕೊಡುವವರಿಗೆ: ಎಮ್ಮೆ ಹಾಲು ಸಹಜವಾಗಿಯೇ ಎ2. ಆದರೂ ನನ್ನ ಹೊಟ್ಟೆ ಗುಡುಗಿತಲ್ಲ! ಲ್ಯಾಕ್ಟೋಸ್ ಎರಡರಲ್ಲೂ ಇದೆ. ರೂಮು ಮಾಡಿಕೊಂಡಿರುವವರಿಗೆ ನಂದಿನಿಯ ನೀಲಿ ಪ್ಯಾಕೆಟ್ ಸಾಕು. ಅದರಲ್ಲಿ ಕೊಬ್ಬು ಶೇ 3, ಪೂರ್ಣ ಕೆನೆಯ ಹಾಲಿನಲ್ಲಿ ಶೇ 6. ಪ್ರೋಟೀನಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಹಾಲೇ ಬೇಡ ಅನ್ನುವವರಿಗೂ ದಾರಿ ಇದೆ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಎಳ್ಳಿನಲ್ಲಿ ಇನ್ನೂ ಹೆಚ್ಚು. ಬಿ12ಕ್ಕೆ ಮಾತ್ರ ಬೇರೆ ವ್ಯವಸ್ಥೆ ಬೇಕು.

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಎರಡನೇ ಸಲ ಆಸ್ಪತ್ರೆಗೆ ಹೋದಾಗ ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಬಹಳ ದಿನದಿಂದ ಸೊಂಟ ನೋವು, ರಾತ್ರಿ ಕಾಲು ಸೆಳೆತ ಅನ್ನುತ್ತಿದ್ದಳು. ವೈದ್ಯೆ ಕೇಳಿದರು, “ಅಮ್ಮಾ, ನೀವು ಹಾಲು ಕುಡೀತೀರಾ?”

ಅವ್ವ ನಕ್ಕಳು. “ನಮಗ್ಯಾಕ್ರಿ ಹಾಲು? ಅದು ಡೇರಿಗೆ ಹೋಗೋದು.”

ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ, ಬಿ12 ಎರಡೂ ಕಡಿಮೆ ಬಂದವು. ಇಪ್ಪತ್ತೈದು ವರ್ಷದಿಂದ ದಿನಕ್ಕೆರಡು ಸಲ ಎಮ್ಮೆ ಹಿಂಡಿದ ಕೈ ಅದು. ಆ ಕೈಗೆ ಒಂದು ಲೋಟ ಹಾಲು ಸಿಕ್ಕಿರಲಿಲ್ಲ. ಸಿಗುತ್ತಿದ್ದದ್ದು ಚಹಾಕ್ಕೆ ಬೀಳುವ ಎರಡು ಚಮಚ.

ಆ ರಾತ್ರಿ ಮನೆಯಲ್ಲಿ ಎಲ್ಲ ಹೇಳಿದೆ. ಹಾಲು ಆಗಿಬರುವುದಿಲ್ಲ, ಎರಡು ವರ್ಷದಿಂದ ಸುಮ್ಮನಿದ್ದೆ ಅಂತ. ಅಪ್ಪಾಜಿ ಮಾತಾಡಲಿಲ್ಲ. ಅವ್ವ, “ಅಯ್ಯೋ, ಒಂದು ಮಾತು ಹೇಳಬಾರದಿತ್ತೇನೋ” ಅಂದಳು. ತಂಗಿ ಮಾತ್ರ ಪುಸ್ತಕದಿಂದ ತಲೆ ಎತ್ತದೆ, “ನನ್ನ ಕೇಳಿದ್ರೆ ನಾನೇ ಕುಡೀತಿದ್ದೆ ಬಿಡಣ್ಣ” ಅಂದಳು.

ಅವಳ ಮಾತು ಮೂರನೇ ಸುತ್ತಿನ ಸೆಳೆತಕ್ಕಿಂತ ಜೋರಾಗಿ ಚುಚ್ಚಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಯೋಜನೆ ಶುರುವಾದಾಗ ನಾನು ಐದನೇ ಕ್ಲಾಸು. ಶಾಲೆಯಲ್ಲಿ ಕೊಡುತ್ತಿದ್ದ 150 ಮಿಲಿ ಬಿಸಿ ಹಾಲು ಕುಡಿದಾಗ ನನಗೆ ಏನೂ ಆಗುತ್ತಿರಲಿಲ್ಲ. ಪ್ರಮಾಣ ಚಿಕ್ಕದು, ವಯಸ್ಸೂ ಚಿಕ್ಕದು. ತಂಗಿಗೆ ಹತ್ತನೇ ಕ್ಲಾಸಿನವರೆಗೆ ಲೋಟದಲ್ಲಿ ಸಿಕ್ಕ ಹಾಲು ಅಂದರೆ ಅದೊಂದೇ. ಪಿಯುಸಿಗೆ ಬಂದ ಮೇಲೆ ಅದೂ ಇಲ್ಲ. ಮೂಳೆ ಗಟ್ಟಿಯಾಗುವ ವಯಸ್ಸು ಅವಳದ್ದೂ ಹೌದು. ಆದರೆ ‘ಶಕ್ತಿ ಬೇಕಾದದ್ದು ಗಂಡು ಹುಡುಗನಿಗೆ’ ಎಂದು ಮನೆಯಲ್ಲಿ ಯಾರೂ ಕೂತು ತೀರ್ಮಾನಿಸಿರಲಿಲ್ಲ, ತಾನಾಗಿಯೇ ಹಾಗೆ ನಡೆದುಹೋಗಿತ್ತು. ತಿಂಗಳಿಗೆ ಹದಿನೈದು ಲೀಟರ್ ಹಾಲು, ಬೇಕಿದ್ದ ಇಬ್ಬರನ್ನು ಬಿಟ್ಟು, ಬೇಡವಾಗಿದ್ದ ನನ್ನ ಹೊಟ್ಟೆ ಸೇರಿತ್ತು.

ಗೆಳೆಯರೇ, ಹಾಲು ಒಳ್ಳೆಯದಾ ಕೆಟ್ಟದ್ದಾ ಅಂತ ವಾದ ಮಾಡುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳೋಣ. ನನ್ನ ಹೊಟ್ಟೆ ಏನು ಹೇಳುತ್ತಿದೆ? ನಮ್ಮ ಮನೆಯಲ್ಲಿ ಹಾಲು ಯಾರ ಲೋಟಕ್ಕೆ ಬೀಳುತ್ತಿದೆ, ಯಾರ ಲೋಟಕ್ಕೆ ಬೀಳುತ್ತಿಲ್ಲ?

ಈಗಲೂ ಬೆಳಿಗ್ಗೆ ಅರ್ಧ ಲೀಟರ್ ಎತ್ತಿಡುತ್ತಾರೆ. ತಂಗಿಗೊಂದು ಲೋಟ, ಅವ್ವನಿಗೊಂದು ಲೋಟ, ಉಳಿದದ್ದಕ್ಕೆ ಹೆಪ್ಪು. ವೈದ್ಯೆ ಕೊಟ್ಟ ಮಾತ್ರೆಯೂ ನಡೆದಿದೆ. ನಾನು ಒಂದು ಬಾಳೆಹಣ್ಣು ತಿಂದು ನಾಲೆ ಏರಿಗೆ ಹೋಗುತ್ತೇನೆ, ಓಡಿ ಬಂದು ಮಜ್ಜಿಗೆ ಕುಡಿಯುತ್ತೇನೆ. ಮೊನ್ನೆ 1600 ಮೀಟರ್ ಓಟವನ್ನು 6 ನಿಮಿಷ 12 ಸೆಕೆಂಡಿನಲ್ಲಿ ಮುಗಿಸಿದೆ. ಅದು ಮಜ್ಜಿಗೆಯ ಮಹಿಮೆ ಅನ್ನಲಾರೆ, ಅಭ್ಯಾಸದ ಫಲ. ಹೊಟ್ಟೆ ಮಾತ್ರ ಅಡ್ಡ ಬರಲಿಲ್ಲ.

ಮುಂದಿನ ನೇಮಕಾತಿಗೆ ಕಾಯುತ್ತಿದ್ದೇನೆ. ಅವ್ವ ಮಾತ್ರ ಇನ್ನೂ ಹಾಲಿನ ಲೋಟ ಹಿಡಿದಾಗ ಆ ಕಡೆ ಈ ಕಡೆ ನೋಡುತ್ತಾಳೆ, ಕದ್ದು ಕುಡಿಯುವವಳ ಹಾಗೆ. ಆಗ ನಾನೂ ತಂಗಿಯೂ ಒಟ್ಟಿಗೇ ಹೇಳುತ್ತೇವೆ:

“ಕುಡಿಯವ್ವಾ. ಎಮ್ಮೆ ಹಿಂಡೋರಿಗೆ ಶಕ್ತಿ ಬ್ಯಾಡೇನು?”