ಕಣ್ಣು ಕಂಡಿದೆ, ಮೈ ಕಂಡಿಲ್ಲ

ದಾಂಡೇಲಿಯಿಂದ ಜೊಯಿಡಾಕ್ಕೆ ಹೊರಟ ಸಂಜೆ ಬಸ್ಸು ಗಣೇಶಗುಡಿ ದಾಟಿ ತಟ್ಟನೆ ನಿಂತಿತು. ಆಷಾಢದ ಮಳೆ, ಮಂಜು. ಹೆಡ್‌ಲೈಟಿನ ಬೆಳಕು ಮುಗಿಯುವಲ್ಲಿ ಎರಡು ಕಣ್ಣು ಹೊಳೆಯುತ್ತಿದ್ದವು. ಕಡವೆಯೋ, ಕಾಡುಕೋಣವೋ? ಯಾರೂ ಮಾತಾಡಲಿಲ್ಲ, ವೈಪರ್ ಸದ್ದೊಂದೇ. ಥ್ರಿಲ್ಲರ್ ಸಿನಿಮಾದ ಮೊದಲ ದೃಶ್ಯ ಎಂದರೆ ನನಗೆ ಇವತ್ತಿಗೂ ಆ ಬಸ್ಸೇ.

ಕನ್ನಡದ ತೆರೆಗೆ ಇಂಥ ಮಂಜು ಇಳಿದದ್ದು ದೂರದ ರಂಗಮಂಚದಿಂದ. 1958ರಲ್ಲಿ ಲಂಡನ್ನಿನಲ್ಲಿ ಆಡಿದ ಅಗಾಥಾ ಕ್ರಿಸ್ಟಿಯ ‘ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್’ ನಾಟಕದಲ್ಲಿ ಮಂಜಿಗೆ ದಾರಿ ತಪ್ಪಿ, ಕಾರು ಗುಂಡಿಗಿಳಿದ ಅಪರಿಚಿತನೊಬ್ಬ ಮನೆಯೊಂದರ ಒಳಗೆ ಬರುತ್ತಾನೆ. ಗಾಲಿಕುರ್ಚಿಯಲ್ಲಿ ಹೆಣ. ಪಕ್ಕದಲ್ಲಿ ಪಿಸ್ತೂಲು ಹಿಡಿದ ಹೆಂಡತಿ. ಕೊಂದವರು ಯಾರೆಂದು ಬಾಗಿಲಲ್ಲೇ ಗೊತ್ತಾಯಿತು ಅಂದುಕೊಳ್ಳುತ್ತೇವೆ, ಸಿಕ್ಕಿಬೀಳುವುದೂ ಅಲ್ಲೇ. ಬಿ.ಆರ್. ಚೋಪ್ರಾ 1973ರಲ್ಲಿ ಇದನ್ನೇ ಹಿಂದಿಗೆ ತಂದರು. ಚಿತ್ರದ ಹೆಸರೇ ‘ಧುಂದ್’, ಅಂದರೆ ಮಂಜು. ಸುನೀಲ್ ಕುಮಾರ್ ದೇಸಾಯಿ ಅವರ ಮೊದಲ ಚಿತ್ರ ‘ತರ್ಕ’ದ (1989) ಮೇಲೂ ಆ ನಾಟಕದ ನೆರಳಿದೆ. ಶಂಕರ್‌ನಾಗ್ ಇದ್ದ ಚಿತ್ರದಲ್ಲಿ ದೇಸಾಯಿ ಒಂದೂ ಹಾಡಿಡಲಿಲ್ಲ! ಹಾಡಿಗೆ ಎದ್ದು ಹೊರಗೆ ಹೋಗಿ ಬರುವ ಪ್ರೇಕ್ಷಕನಿಗೆ ಬಿಡುವೇ ಇಲ್ಲ. ಶುರುವಿನಲ್ಲಿ ಹುಟ್ಟಿದ ಅನುಮಾನ ಕೊನೆಯ ರೀಲಿನವರೆಗೂ ಅವನ ಜೊತೆ ಕೂತಿರುತ್ತದೆ. ಕನ್ನಡದಲ್ಲಿ ಅದು ದೊಡ್ಡ ಧೈರ್ಯ. ಮರುವರ್ಷವೇ ತಮಿಳಿನವರು ಅದನ್ನು ‘ಪುರಿಯಾದ ಪುದಿರ್’ ಮಾಡಿಕೊಂಡರು.

ಆಮೇಲೆ ಭಯ ಹಗಲಿಗೂ ಬಂತು. ಪವನ್ ಕುಮಾರ್ ‘ಯು ಟರ್ನ್’ (2016) ಆರಂಭದಲ್ಲಿ ಬೆಂಗಳೂರಿನ ರಸ್ತೆಯನ್ನು ತಲೆಕೆಳಗು ಮಾಡಿ ತೋರಿಸುತ್ತಾರೆ. ದಿನವೂ ಓಡಾಡುವ ಫ್ಲೈಓವರೇ ಅಪರಿಚಿತವಾಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಹೇಮಂತ್ ರಾವ್ ಅವರ ‘ಕವಲುದಾರಿ’ (2019). ನೆಲ ಅಗೆದಾಗ ಹಳೆಯ ಮೂಳೆಗಳು ಸಿಗುತ್ತವೆ. ಟ್ರಾಫಿಕ್ ಪೊಲೀಸನೊಬ್ಬ ತನ್ನದಲ್ಲದ, ನಾಲ್ಕು ದಶಕ ಹಿಂದಿನ ಕೇಸಿನ ಬೆನ್ನು ಹತ್ತುತ್ತಾನೆ. ಅದನ್ನು ನೋಡುವಾಗ ನನಗೆ ಸೂಪಾ ನೆನಪಾಯಿತು. ಗಣೇಶಗುಡಿಯಲ್ಲಿ ಕಾಳಿ ನದಿಗೆ ಅಡ್ಡವಾಗಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು, ಸೂಪಾ ಊರು ನೀರಿನಡಿ ಹೋಯಿತು. ತಾಲ್ಲೂಕಿನ ಹೆಸರೂ ಜೊಯಿಡಾ ಆಯಿತು.

ಬೆಳಗಿನ ಜಾವದ ಆ ಹಿನ್ನೀರನ್ನು ಯಾರಾದರೂ ಮೊದಲ ದೃಶ್ಯವಾಗಿ ತೋರಿಸಲಿ ಎಂಬ ಆಸೆ ನನಗೆ. ಸಂಗೀತ ಬೇಡ. ಒಂದು ದೋಣಿ, ಹುಟ್ಟಿನ ಸದ್ದು. ಹುಟ್ಟು ನೀರೊಳಗೆ ಯಾವುದಕ್ಕೋ ತಾಗಬೇಕು, ದೋಣಿಯವನು ಬಗ್ಗಿ ನೋಡಬೇಕು.